ಮೂರೇ ವಾರಕ್ಕೆ ಅಮರ? ಸೆಲ್ ಕಲ್ಚರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ರಾತ್ರಿ ಹತ್ತರವರೆಗೆ ಮೇಡಂ ಇರುತ್ತಾರೆ. ಮಂಗಳೂರಿನ ಲ್ಯಾಬಿನಲ್ಲಿ ಕೋಶ ಬೆಳೆಸುವುದೇ ಅವರ ಕೆಲಸ. ಇವತ್ತಿನ ವಿಷಯ ಸ್ತನದ ಸೆಲ್ ಲೈನ್, ಅಂದರೆ ಒಂದೇ ಮೂಲದಿಂದ ಲ್ಯಾಬಿನಲ್ಲಿ ಬೆಳೆಸುತ್ತಾ ಹೋಗುವ ಕೋಶ. ಫಾರ್ವರ್ಡ್ ಹಾಕಬೇಡಿ.

ಸುರತ್ಕಲ್: ಎಂಸಿಎಫ್-7 ಅನ್ನುವ ಸ್ತನ ಕ್ಯಾನ್ಸರ್ ಲೈನ್ ಎಲ್ಲಿ ಸಿಗುತ್ತದೆ ಮೇಡಂ?

ಮೇಡಂ: ಪುಣೆಯ ಸರ್ಕಾರಿ ಕೋಶ ಸಂಶೋಧನಾ ಸಂಸ್ಥೆ ಎನ್‌ಸಿಸಿಎಸ್‌ನಲ್ಲಿ. ಕಾಲೇಜಿನ ಮೂಲಕ ಬರೆಯಿರಿ.

ಉಡುಪಿ: ಪಿಎಚ್‌ಡಿ ಮಾಡುತ್ತಿದ್ದೇನೆ. ಸರ್ಜರಿಯಲ್ಲಿ ತೆಗೆದ, ಕ್ಯಾನ್ಸರ್ ಇಲ್ಲದ ಸ್ತನದ ತುಂಡಿನಿಂದ ಕೋಶ ಬೆಳೆಸಿದೆ. ಒಪ್ಪಿಗೆ, ಎಥಿಕ್ಸ್ ಎರಡೂ ಉಂಟು. ಎರಡನೇ ವಾರ ಬೆಳವಣಿಗೆ ನಿಂತೇ ಹೋಯಿತು. ಮೂರನೇ ವಾರ ಫ್ಲಾಸ್ಕಿನ ಮೂಲೆಯಲ್ಲಿ ಒಂದು ಗುಂಪು ಎದ್ದಿತು. ಈಗ ನಾಲ್ಕು ದಿನಕ್ಕೆ ಫ್ಲಾಸ್ಕ್ ತುಂಬುತ್ತದೆ. ಹಾಕಿದ್ದು ಬರೀ ಡಿಎಂಇಎಂ ಮೀಡಿಯಂ (ಕೋಶದ ಪೋಷಕ ದ್ರವ), 10% ಸೀರಂ. ಹೊಸ ಇಮ್ಮಾರ್ಟಲ್ ಲೈನ್ (ನಿಲ್ಲದೆ ವಿಭಜನೆಯಾಗುತ್ತಲೇ ಇರುವಂಥದ್ದು) ಸಿಕ್ಕಿತು ಅಂತ ಗೈಡ್ ಲಡ್ಡು ಹಂಚಿದರು.

ಮೇಡಂ: ಲಡ್ಡು ತಿಂದಾಯ್ತಲ್ವಾ, ಈಗ ಕೇಳಿ. ನನಗೆ ಹೆದರಿಕೆ ಆಗುತ್ತಿದೆ. ಸ್ತನದ ಮಾಮೂಲಿ ಎಪಿಥೀಲಿಯಲ್ (ಒಳಪದರದ) ಕೋಶ ಬರೀ ಸೀರಂನಲ್ಲಿ ಹೀಗೆ ಓಡುವುದಿಲ್ಲ. ಇಜಿಎಫ್ ಅನ್ನುವ ಬೆಳವಣಿಗೆಯ ಪ್ರೋಟೀನ್, ಇನ್ಸುಲಿನ್, ಹೈಡ್ರೋಕಾರ್ಟಿಸೋನ್ ಕೊಟ್ಟು ಮಗು ಸಾಕಿದ ಹಾಗೆ ಸಾಕಬೇಕು. ಆದರೂ ಕೆಲವು ಸಲ ವಿಭಜನೆಯಾಗಿ ನಿಂತುಬಿಡುತ್ತದೆ. ಪಿ16 ಅಂತ ವಿಭಜನೆ ತಡೆಯುವ ಪ್ರೋಟೀನ್, ಒಂದು ಬ್ರೇಕ್ ಉಂಟು. ಅದನ್ನು ದಾಟಿದರೆ ಮುಂದೆ ಟೆಲೊಮಿಯರ್, ಅಂದರೆ ಕ್ರೋಮೋಸೋಮಿನ ತುದಿ, ಸವೆಯುತ್ತದೆ. ವೈರಸ್ ಮೂಲಕ, ಆ ತುದಿ ಕಾಯುವ ಎಚ್‌ಟರ್ಟ್ ಜೀನ್ ಸೇರಿಸಿದರೆ ಸವೆತ ನಿಲ್ಲಬಹುದು, ಬ್ರೇಕ್ ಬಿಡುವುದಿಲ್ಲ. ತಾನಾಗಿ ಅಮರವಾದದ್ದು ಇಲ್ಲವೇ ಇಲ್ಲ ಅಂತಲ್ಲ. 1990ರಲ್ಲಿ ವರದಿಯಾದ ಎಂಸಿಎಫ್-10ಎ ಲೈನ್ ಹಾಗೇ ಹುಟ್ಟಿದ್ದು, 36 ವರ್ಷದ ಹೆಂಗಸಿನ ಕ್ಯಾನ್ಸರ್ ಅಲ್ಲದ ಗಂಟಿನಿಂದ. ಆದರೆ ತುಂಬಾ ಕಾಲ ಸಾಕಿದ ಮೇಲೆ. ಇವತ್ತಿಗೂ ಅದಕ್ಕೆ ಇಜಿಎಫ್ ಹಾಕಿಯೇ ಬೆಳೆಸುತ್ತೇವೆ. ಮೂರು ವಾರಕ್ಕೆ ಅಮರ ಆಗಲು ನಿಮ್ಮದು ಅಮೃತ ಕುಡಿದಿದೆಯಾ?

ಎಂಡಿಎ-ಎಂಬಿ-435 ಅನ್ನುವ ಲೈನಿನ ಕಥೆ ಗೊತ್ತಲ್ಲ? ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಅಂತ ಪೇಪರ್ ಬರೆದರು. ಕೊನೆಗೆ ನೋಡಿದರೆ ಎಂ14 ಅನ್ನುವ ಬೇರೆ ಲೈನ್, ಮೆಲನೋಮಾ, ಅಂದರೆ ಚರ್ಮದ ಕ್ಯಾನ್ಸರ್! ಎಸ್‌ಟಿಆರ್ (ಡಿಎನ್‌ಎ ಗುರುತಿನ ಪರೀಕ್ಷೆ) ಮಾಡಿಸಿ, ಅದೇ ರೋಗಿಯ ರಕ್ತದ ಜೊತೆ ತಾಳೆ ನೋಡಿ. ಅಲ್ಲಿವರೆಗೆ ನಾಮಕರಣ ಬೇಡ. ಇನ್‌ಕ್ಯುಬೇಟರಿನಲ್ಲಿ ಬೇರೆ ಎಂತ ಉಂಟು?

ಕಾರ್ಕಳ: ಲಕ್ಷ್ಮಣಫಲದ ಎಲೆ ಕಷಾಯ ಕೀಮೋಗಿಂತ ಹತ್ತು ಸಾವಿರ ಪಟ್ಟು ಪವರ್. ಲ್ಯಾಬಿನಲ್ಲೇ ಪ್ರೂವ್ ಆಗಿದೆ. ಎಲ್ಲರಿಗೂ ಕಳಿಸಿ.

ಮೇಡಂ: ಪ್ಲೇಟಿನಲ್ಲಿರುವ ಕ್ಯಾನ್ಸರ್ ಕೋಶ ಪಾತ್ರೆ ತೊಳೆಯುವ ಸೋಪಿಗೂ ಸಾಯುತ್ತದೆ. ಸೋಪು ಕುಡಿಯುತ್ತೀರಾ? ಗಂಟು ಕೈಗೆ ಸಿಕ್ಕಿದರೆ ಡಾಕ್ಟರ್ ಹತ್ತಿರ ಹೋಗಿ. ನನ್ನ ಚಿಕ್ಕಮ್ಮ ಆರು ತಿಂಗಳು ಕಷಾಯದಲ್ಲೇ ಕಳೆದರು.

ಕಾರ್ಕಳ: ಹೇಳುವುದಕ್ಕೂ ಒಂದು ರೀತಿ ಉಂಟಲ್ವಾ.

ಬಿ.ಸಿ.ರೋಡ್: ಎಂಸಿಎಫ್-7 ಬಂದದ್ದು ಅಮೆರಿಕದ ಒಬ್ಬ ಕ್ರೈಸ್ತ ಸನ್ಯಾಸಿನಿಯಿಂದ, ಶ್ವಾಸಕೋಶದ ಸುತ್ತ ತುಂಬಿದ ನೀರಿನಿಂದ. ಅವರು ತೀರಿಕೊಂಡದ್ದು 1970ರಲ್ಲಿ, ಪೇಪರ್ ಬಂದದ್ದು 1973ರಲ್ಲಿ. ಅವರನ್ನು ಯಾರಾದರೂ ಕೇಳಿದ್ದರಾ ಮೇಡಂ?

ಕುಂದಾಪುರ: ಕೇಳುವುದೆಂತ? ಹೇಗೂ ಚೆಲ್ಲುವ ನೀರು.

ಬಿ.ಸಿ.ರೋಡ್: ಹೇಗೂ ಬಿದ್ದದ್ದು ಅಂತ ನಿಮ್ಮ ತೋಟದ ತೆಂಗಿನಕಾಯಿ ಹೆಕ್ಕಿಕೊಂಡು ಹೋದರೆ ಸುಮ್ನೆ ಇರ್ತೀರಾ?

ಕುಂದಾಪುರ: ತೆಂಗಿನಕಾಯಿಗೂ ಇದಕ್ಕೂ ಎಂತ ಸಂಬಂಧ ಮಾರಾಯ್ರೆ?

ಬಿ.ಸಿ.ರೋಡ್: ಎರಡನ್ನೂ ಮಾರುತ್ತಾರೆ. ಅದೇ ಸಂಬಂಧ.

ಕುಂದಾಪುರ: ನಿಮ್ಮ ಹತ್ತಿರ ಮಾತಾಡಿದರೆ ಮಂಡೆ ಬಿಸಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮುಲ್ಕಿ: ಎಂಸಿಎಫ್-7 ಎಲ್ಲಿ ಸಿಗುತ್ತದೆ?

ಮೇಡಂ: ಮೇಲೆ ಓದಿ.

ಉಡುಪಿ: ಮೇಡಂ, ಪಕ್ಕದ ಶೆಲ್ಫಿನಲ್ಲಿ ಸೀನಿಯರ್ ಅವರ ಎಂಸಿಎಫ್-7 ಉಂಟು.

ಮೇಡಂ: ಮೀಡಿಯಂ ಬಾಟಲಿ?

ಉಡುಪಿ: ಇಬ್ಬರಿಗೂ ಒಂದೇ.

ಮೇಡಂ: ದೇವರೇ. ಎಂಸಿಎಫ್-7 ಕೋಶ ಬಾಟಲಿಯಿಂದ ನಿಮ್ಮ ಫ್ಲಾಸ್ಕಿಗೆ ಬಂದಿರಬಹುದು. ಬಾಟಲಿ ಎಸೆಯಿರಿ. ಫ್ಲಾಸ್ಕ್ ಎಸೆಯಬೇಡಿ, ಡಿಎನ್‌ಎ ಅದರಿಂದಲೇ ತೆಗೆಯಬೇಕು. ಮೊದಲ ವಾರದ ಕೋಶ ಫ್ರೀಜ್ ಮಾಡಿಟ್ಟಿದ್ದೀರಾ?

ಉಡುಪಿ: ಒಂದು ವಯಲ್ ಉಂಟು ಮೇಡಂ. ಲೇಬಲ್ ಅಳಿಸಿ ಹೋಗಿದೆ.