ಪ್ರಶ್ನೋತ್ತರ: ಪಟ್ಟಿಯಲ್ಲಿರುವ ಹೆಸರು ಅವರದು, ವಿಳಾಸ ಇಡೀ ಮನೆಯದು

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇರುವ ಕ್ಲಿನಿಕಲ್ ಸೋಷಿಯಲ್ ವರ್ಕರ್. ಲೈಂಗಿಕ ಅಪರಾಧಕ್ಕೆ ಶಿಕ್ಷೆ ಮುಗಿಸಿ ಬಂದವರ ಹೆಂಡತಿ, ಮಕ್ಕಳು, ಅಪ್ಪ ಅಮ್ಮಂದಿರ ಜೊತೆ ಕೆಲಸ ಮಾಡುತ್ತೇನೆ. ಅಮೆರಿಕದಲ್ಲಿ ಇಂಥವರು ಪೊಲೀಸರಲ್ಲಿ ಹೆಸರು ರಿಜಿಸ್ಟರ್ ಮಾಡಿಸಬೇಕು, ಅನೇಕರ ವಿವರ ಸಾರ್ವಜನಿಕ ವೆಬ್‌ಸೈಟಿನಲ್ಲೂ ಇರುತ್ತದೆ. ಇಲ್ಲಿ ಪಟ್ಟಿ ಅಂದರೆ ಅದೇ. ಅಡ್ಮಿನ್ ಮೂಲಕ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೇಳಿದವರ ಹೆಸರು, ಊರು ಹಾಕಿಲ್ಲ. ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆದ್ದರಿಂದ ನಿಮ್ಮ ಕೇಸಿನ ಬಗ್ಗೆ ವಕೀಲರನ್ನೇ ಕೇಳಿ.

ಪ್ರಶ್ನೆ (ಕ್ಯಾಲಿಫೋರ್ನಿಯಾದ ಸದಸ್ಯೆ): ನನ್ನ ಗಂಡ ಮಗುವೊಂದರ ಮೇಲಿನ ಅಪರಾಧಕ್ಕೆ ಶಿಕ್ಷೆ ಅನುಭವಿಸಿ, ಕೋರ್ಟಿನ ಅನುಮತಿ ಪಡೆದು ಮನೆಗೆ ಬಂದಿದ್ದಾರೆ. ರಾಜ್ಯದ ಈ ಪಟ್ಟಿ ಇರುವ ಮೆಗನ್ಸ್ ಲಾ ವೆಬ್‌ಸೈಟಿನಲ್ಲಿ ಅವರ ಫೋಟೋ, ಕೆಳಗೆ ನಮ್ಮ ಮನೆ ವಿಳಾಸ. ಈ ಸಲ ವರಮಹಾಲಕ್ಷ್ಮಿಗೆ ಒಂದು ಮನೆಯಿಂದಲೂ ಕುಂಕುಮಕ್ಕೆ ಕರೆ ಬರಲಿಲ್ಲ. ಹನ್ನೊಂದು ವರ್ಷದ ಮಗನಿಗೆ ಇನ್ನೂ ಹೇಳಿಲ್ಲ, ಅಪ್ಪ ಕೆಲಸದ ಮೇಲೆ ಬೇರೆ ಊರಲ್ಲಿದ್ದರು ಅಂದಿದ್ದೇವೆ. ಎಷ್ಟು ವಯಸ್ಸಾದ ಮೇಲೆ ಹೇಳಬೇಕು?

ಉತ್ತರ: ಈ ವಾರವೇ ಹೇಳಿ. ಅವನು ಫೋನು ಹಿಡಿಯುವ ವಯಸ್ಸಿಗೆ ಬಂದಾಗಿದೆ, ನೀವು ಹೇಳದಿದ್ದರೆ ಸಹಪಾಠಿ ಹೇಳುತ್ತಾನೆ.

ಕೆಲವು ವರ್ಷಗಳ ಹಿಂದೆ ಇದೇ ವಯಸ್ಸಿನ ಹುಡುಗನೊಬ್ಬ ನನ್ನ ಆಫೀಸಿನಲ್ಲಿ ಕೂತಿದ್ದ. ಅಮ್ಮ ಹೊರಗೆ ಕಾಯುತ್ತಿದ್ದರು. ಅವನು ಫೋನು ತೆಗೆದು, ಒಂದಕ್ಷರವೂ ತಪ್ಪದೆ ತನ್ನ ಮನೆ ವಿಳಾಸ ಟೈಪ್ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದ. ಅಪ್ಪನ ಮುಖ ಇತ್ತು. ಎಷ್ಟು ದಿನದಿಂದ ಗೊತ್ತು ಅಂತ ಕೇಳಿದೆ. ಎಂಟು ತಿಂಗಳಾಯಿತಂತೆ. ಅಮ್ಮನಿಗೆ ಬೇಜಾರಾಗುತ್ತದೆ ಅಂತ ಬಾಯಿ ಬಿಟ್ಟಿರಲಿಲ್ಲ. ಅಮ್ಮ ಅವನಿಗಾಗಿ ಮುಚ್ಚಿಟ್ಟಿದ್ದರು, ಅವನು ಅಮ್ಮನಿಗಾಗಿ. ಎಂಟು ತಿಂಗಳು ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಎದುರುಬದುರು ಕೂತು ಊಟ ಮಾಡಿದ್ದರು.

ಮಾತು ಸರಳವಾಗಿರಲಿ, ಮನೆಮಾತಿನಲ್ಲೇ ಇರಲಿ. 'ಅಪ್ಪ ಒಂದು ಮಗುವಿಗೆ ಕೆಟ್ಟದ್ದು ಮಾಡಿದರು. ಅದು ಅಪರಾಧ. ಕೋರ್ಟು ಶಿಕ್ಷೆ ಕೊಟ್ಟಿತು. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ' ಅನ್ನಿ. ವಿವರ ಬೇಡ. 'ಯಾರೋ ಸಿಕ್ಕಿಸಿದರು, ಸುಳ್ಳು ಕೇಸು' ಅಂತ ಮಾತ್ರ ದಯವಿಟ್ಟು ಹೇಳಬೇಡಿ. ನಾಳೆ ಅವನೇ ಹುಡುಕಿ ಓದುತ್ತಾನೆ, ಆಮೇಲೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಇನ್ನೊಂದು ಮಾತನ್ನು ಬಿಡಲೇಬೇಡಿ: 'ಅಪ್ಪನೂ ಸೇರಿ ಯಾರೇ ಆಗಲಿ, ನಿನಗೆ ಕಸಿವಿಸಿ ಆಗುವ ಹಾಗೆ ನಡೆದುಕೊಂಡರೆ ನನಗೆ ಬಂದು ಹೇಳು, ನಿನ್ನ ಮಾತು ನಾನು ನಂಬುತ್ತೇನೆ.' ಗಂಡ ಎದುರಿಗಿರುವಾಗಲೇ ಇದನ್ನು ಹೇಳುವುದು ಒಳ್ಳೆಯದು. ಅವರಿಗೆ ನೋವಾಗಬಹುದು, ಆದರೂ ಹೇಳಿ.

ಶಾಲೆಯ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ರಿಜಿಸ್ಟರ್ ಆದವರು ಸರಿಯಾದ ಕಾರಣ ಮತ್ತು ಪ್ರಿನ್ಸಿಪಾಲರ ಲಿಖಿತ ಅನುಮತಿ ಇಲ್ಲದೆ ಶಾಲೆಯ ಆವರಣಕ್ಕೆ ಕಾಲಿಡುವಂತಿಲ್ಲ. ಹಾಗಾಗಿ ಕನ್ಸರ್ಟಿಗೆ, ಟೀಚರ್ ಮೀಟಿಂಗಿಗೆ ನೀವೊಬ್ಬರೇ ಹೋಗಬೇಕಾಗಬಹುದು. ಇದನ್ನೂ ಮಗನಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಅವನು ಅಂದು ಪ್ರೇಕ್ಷಕರ ಸಾಲಿನಲ್ಲಿ ಅಪ್ಪನನ್ನು ಹುಡುಕುತ್ತಿರುತ್ತಾನೆ.

ನಿಮ್ಮೊಬ್ಬರ ಪಾಡಲ್ಲ ಇದು. 2009ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಅಮೆರಿಕದಾದ್ಯಂತ ಇಂಥ 584 ಮನೆಯವರನ್ನು ಮಾತಾಡಿಸಿತ್ತು. ಅವರು ಎಲ್ಲಕ್ಕಿಂತ ದೊಡ್ಡ ಕಷ್ಟ ಎಂದದ್ದು ಪಟ್ಟಿಯಲ್ಲಿರುವವರಿಗೆ ಕೆಲಸ ಸಿಗದಿರುವುದು, ಅದರಿಂದ ಮನೆಗೆ ಬರುವ ಹಣದ ಮುಗ್ಗಟ್ಟು. ಅವರ ಜೊತೆ ಒಂದೇ ಮನೆಯಲ್ಲಿ ಇರುವವರಿಗೆ ನೆರೆಹೊರೆಯ ಬೆದರಿಕೆ ಹೆಚ್ಚು. ಮಕ್ಕಳನ್ನು ಸಹಪಾಠಿಗಳಷ್ಟೇ ಅಲ್ಲ, ಟೀಚರುಗಳೂ ಬೇರೆ ಥರ ನೋಡುತ್ತಾರೆ ಎಂದೂ ಅವರು ಹೇಳಿದ್ದರು.

ಯಾರಾದರೂ ಬಾಗಿಲಿಗೆ ಚೀಟಿ ಅಂಟಿಸಿದರೆ, ಕಾರು ಗೀಚಿದರೆ ಫೋಟೋ ತೆಗೆದು ಪೊಲೀಸರಿಗೆ ದೂರು ಕೊಡಿ. ಆ ವೆಬ್‌ಸೈಟಿನ ಮಾಹಿತಿ ಬಳಸಿ ಅಪರಾಧ ಮಾಡಿದವರಿಗೆ ಈ ರಾಜ್ಯದಲ್ಲಿ ಪ್ರತ್ಯೇಕ ದಂಡವಿದೆ, ಸಣ್ಣ ಅಪರಾಧಕ್ಕೂ 10,000 ಡಾಲರಿನಿಂದ ಶುರು. 'ನಮಗೆ ಯಾವ ಮುಖ ಇದೆ ದೂರು ಕೊಡೋಕೆ' ಅಂತ ಸುಮ್ಮನಾಗಬೇಡಿ. ನೀವು ಯಾವ ಅಪರಾಧವನ್ನೂ ಮಾಡಿಲ್ಲ.

ಪ್ರಶ್ನೆ (ಮೈಸೂರಿನಿಂದ, ತಾಯಿ): ಮಗ ಅಮೆರಿಕನ್ ಸಿಟಿಜನ್. ಅವನ ಮೇಲೆ ಒಂದು ಕೇಸಾಗಿ ಶಿಕ್ಷೆಯಾಯಿತು. ನಮಗೆ ಗ್ರೀನ್ ಕಾರ್ಡ್ ಮಾಡಿಸುತ್ತೇನೆ ಅಂದಿದ್ದ, ಈಗ ಆಗುವುದಿಲ್ಲ ಅನ್ನುತ್ತಾನೆ. ನಿಜವೇ?

ಉತ್ತರ: ಅಮ್ಮಾ, ಅಪರಾಧ ಅಪ್ರಾಪ್ತ ವಯಸ್ಸಿನವರ ಮೇಲೆ ನಡೆದದ್ದಾದರೆ ಅವನು ಹೇಳುತ್ತಿರುವುದು ಬಹುಮಟ್ಟಿಗೆ ನಿಜ. 2006ರ ಆಡಮ್ ವಾಲ್ಶ್ ಕಾಯ್ದೆ ಬಂದ ಮೇಲೆ ಅಂಥವರು ಹೆಂಡತಿಗಾಗಲಿ, ತಂದೆತಾಯಿಗಾಗಲಿ ಅರ್ಜಿ ಹಾಕುವಂತಿಲ್ಲ. ಅವರಿಂದ ನಿಮಗೆ ಯಾವ ಅಪಾಯವೂ ಇಲ್ಲ ಎಂದು ಸರ್ಕಾರ ಒಪ್ಪಿದರೆ ಮಾತ್ರ ಅವಕಾಶ, ಒಪ್ಪುವುದೂ ಬಿಡುವುದೂ ಸಂಪೂರ್ಣ ಸರ್ಕಾರದ ವಿವೇಚನೆಗೆ ಬಿಟ್ಟದ್ದು. ಎಪ್ಪತ್ತು ದಾಟಿದ ತಾಯಿಗೆ ಹೊಟ್ಟೆಯ ಮಗನಿಂದ ಅಪಾಯವಿಲ್ಲ ಅಂತ ದಾಖಲೆ ಕೂಡಿಸಿ ಸಾಬೀತು ಮಾಡುವುದು ಎಂಥ ಸಂಕಟ ಅನ್ನುವುದನ್ನು ಹತ್ತಿರದಿಂದ ಕಂಡಿದ್ದೇನೆ.

ಆದರೆ ತಡೆ ಇರುವುದು ಅವನ ಅರ್ಜಿಗೆ, ನಿಮಗಲ್ಲ. ಸಿಟಿಜನ್ ಆಗಿರುವ ಬೇರೆ ಮಗನೋ ಮಗಳೋ ಇದ್ದರೆ ಅವರು ಹಾಕಬಹುದು. ವಿಸಿಟರ್ ವೀಸಾ ನೀವೇ ಸ್ವಂತ ಕೇಳುವಂಥದ್ದು, ಅದು ಬೇರೆ ದಾರಿ.

ಪ್ರಶ್ನೆ: ಮೂವರೂ ಊರಿಗೆ ಹೋಗಬೇಕು, ಮಾವನಿಗೆ ಹುಷಾರಿಲ್ಲ. ಗಂಡ ಪಟ್ಟಿಯಲ್ಲಿದ್ದಾರೆ.

ಉತ್ತರ: ವಿದೇಶಕ್ಕೆ ಹೊರಡುವ 21 ದಿನ ಮೊದಲು ಅವರು ರಿಜಿಸ್ಟರ್ ಮಾಡಿಸುವ ಕಚೇರಿಗೆ ತಿಳಿಸಬೇಕು. ತುರ್ತಿದ್ದರೆ ಆದಷ್ಟು ಬೇಗ ತಿಳಿಸಿ, ಕೊಟ್ಟ ಕಾಗದದ ಪ್ರತಿ ಇಟ್ಟುಕೊಳ್ಳಿ. ಮಕ್ಕಳ ಮೇಲಿನ ಅಪರಾಧವಾಗಿದ್ದರೆ 2016ರ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟಿನೊಳಗೆ ಅದನ್ನು ಮುದ್ರಿಸುತ್ತಾರೆ, ಹೋಗುವ ದೇಶಕ್ಕೂ ಮುಂಚಿತವಾಗಿ ಸುದ್ದಿ ಹೋಗಬಹುದು. ಒಳಗೆ ಬಿಡುವುದು ಬಿಡದಿರುವುದು ಆ ದೇಶದ ಇಮಿಗ್ರೇಷನ್ ಕೈಯಲ್ಲಿ. ಕೆಂಪೇಗೌಡ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅವರನ್ನು ನಿಲ್ಲಿಸಿದರೆ ಮಗುವನ್ನು ಕರೆದುಕೊಂಡು ನೀವು ಮುಂದೆ ಹೋಗುತ್ತೀರೋ, ಎಲ್ಲರೂ ವಾಪಸ್ಸೋ, ಇದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡಿ. ಟಿಕೆಟ್ ಬದಲಾಯಿಸಲು ಬರುವಂಥದ್ದಾಗಿರಲಿ.

ಪ್ರಶ್ನೆ (ಸದಸ್ಯರೊಬ್ಬರು): ಮೇಡಂ, ಇದೇನು ಅನುಕಂಪ? ನೊಂದ ಮಗುವಿನ ಮನೆಯವರ ಗತಿ ಏನು? ನಮ್ಮ ಬೀದಿಯಲ್ಲಿ ಯಾರಿದ್ದಾರೆ ಅಂತ ತಿಳಿಯುವ ಹಕ್ಕು ನಮಗಿಲ್ಲವೇ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 1994ರಲ್ಲಿ ನ್ಯೂಜೆರ್ಸಿಯ ಹ್ಯಾಮಿಲ್ಟನ್‌ನಲ್ಲಿ ಏಳು ವರ್ಷದ ಮೆಗನ್ ಕಾಂಕಾಳನ್ನು ಎದುರುಮನೆಯವನು ಕೊಂದ. ಅವನಿಗೆ ಹಿಂದೆ ಶಿಕ್ಷೆಯಾದದ್ದು ಅವಳ ಅಪ್ಪ ಅಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮಗಳು ಉಳಿಯುತ್ತಿದ್ದಳು ಅನ್ನುವ ಆ ತಾಯಿಯ ಮಾತಿಗೆ ಎದುರಾಡಲು ನನಗೆ ಬಾಯಿಲ್ಲ. ಆ ದುಃಖದಿಂದ ಹುಟ್ಟಿದ ಕಾನೂನು ಇದು.

ಆದರೂ ಒಂದು ಮಾತು ಕೇಳಿ. ಅಮೆರಿಕದ ನ್ಯಾಯ ಇಲಾಖೆ 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪೊಲೀಸರಿಗೆ ವರದಿಯಾದ ಪ್ರಕರಣಗಳಲ್ಲಿ ನೂರಕ್ಕೆ 93 ಮಕ್ಕಳಿಗೆ ಆ ವ್ಯಕ್ತಿ ಪರಿಚಿತ, ಮೂರನೇ ಒಂದರಷ್ಟು ಮಕ್ಕಳಿಗೆ ಸ್ವಂತ ಕುಟುಂಬದವನೇ. ಅಂದರೆ ಎಷ್ಟೋ ಸಲ ನೊಂದ ಮಗುವಿಗೂ ಪಟ್ಟಿಯಲ್ಲಿರುವವನಿಗೂ ಒಂದೇ ಮನೆತನದ ಹೆಸರು. ಅಪ್ಪನ ಫೋಟೋದ ಪಕ್ಕ ಅಪರಾಧದ ವಿವರ ನೋಡಿದ ಊರು 'ಹಾಗಾದರೆ ಮಗಳಿಗೇ' ಅಂತ ಲೆಕ್ಕ ಹಾಕುತ್ತದೆ. ತಾವು ಹೇಳಿದ್ದರಿಂದಲೇ ಮನೆ ಬೀದಿಗೆ ಬಂತು ಅಂತ ಕೊರಗುವ ಹೆಣ್ಣುಮಕ್ಕಳ ಜೊತೆ ನಾನು ಕೂತಿದ್ದೇನೆ. ನೀವು ಕೇಳಿದ ಮಗು ಅದೇ.

2013ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಪಟ್ಟಿಯಲ್ಲಿದ್ದ ಒಬ್ಬರನ್ನು ಹುಡುಕಿಕೊಂಡು ಬಂದವರು ಅವರ ಜೊತೆ ಹೆಂಡತಿಯನ್ನೂ ಕೊಂದರು. ಆಕೆ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಪೊಲೀಸರ ಬಳಿ ದಾಖಲೆ ಬೇಡ ಎಂದು ನಾನು ಹೇಳುತ್ತಿಲ್ಲ. 15 ರಾಜ್ಯಗಳ ಅಂಕಿಅಂಶ ನೋಡಿದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಪೊಲೀಸರಲ್ಲಿ ರಿಜಿಸ್ಟರ್ ಮಾಡಿಸುವುದರಿಂದ ಅಪರಾಧ ಕಡಿಮೆಯಾದದ್ದನ್ನು ಕಂಡಿತು. ಸಾರ್ವಜನಿಕವಾಗಿ ಸಾರಿದಾಗ ಮಾತ್ರ ಪಟ್ಟಿಯಲ್ಲಿದ್ದವರು ಮತ್ತೆ ಅಪರಾಧಕ್ಕೆ ಇಳಿಯುವುದು ಹೆಚ್ಚಿರಬಹುದು ಎಂದಿತು. ಕೆಲಸ, ಮನೆ, ನೆಂಟರು ಎಲ್ಲ ಹೋದವನಿಗೆ ಕಳೆದುಕೊಳ್ಳಲು ಏನೂ ಉಳಿಯುವುದಿಲ್ಲ. ನಿಮ್ಮ ಬೀದಿಯ ಮಕ್ಕಳ ಕ್ಷೇಮಕ್ಕೂ ಇದು ಸಂಬಂಧಪಟ್ಟದ್ದೇ.

ಪ್ರಶ್ನೆ: ಭಾರತದಲ್ಲೂ ಇಂಥ ಪಟ್ಟಿ ಇದೆಯೇ?

ಉತ್ತರ: 2018ರ ಸೆಪ್ಟೆಂಬರಿನಲ್ಲಿ ಶುರುವಾಯಿತು, ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ (ಎನ್‌ಸಿಆರ್‌ಬಿ) ನೋಡಿಕೊಳ್ಳುತ್ತದೆ. ಆಗಲೇ ಅದರಲ್ಲಿ 4.4 ಲಕ್ಷ ನಮೂದುಗಳಿದ್ದವು. ಪೊಲೀಸರಿಗೆ, ತನಿಖಾ ಸಂಸ್ಥೆಗಳಿಗೆ ಮಾತ್ರ ತೆರೆಯುತ್ತದೆ, ಸಾರ್ವಜನಿಕರಿಗಿಲ್ಲ. ನಮ್ಮ ಊರುಗಳಲ್ಲಿ ಸುದ್ದಿ ಹೇಗೆ ಹರಡುತ್ತದೆ ಅಂತ ಬಲ್ಲವಳಾಗಿ, ಅದು ಹಾಗೇ ಇರಲಿ ಅನ್ನುತ್ತೇನೆ.

ಮೊದಲ ಪ್ರಶ್ನೆ ಕೇಳಿದ ಸದಸ್ಯೆ: ಮೇಡಂ, ನಿನ್ನೆ ರಾತ್ರಿ ಹೇಳಿದೆವು. ಅವನು ಅಳಲಿಲ್ಲ. 'ಆ ಮಗು ಈಗ ಹೇಗಿದೆ?' ಅಂತ ಕೇಳಿದ. ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ.

ಉತ್ತರ: ಗೊತ್ತಿಲ್ಲ ಅಂತಲೇ ಹೇಳಿ. 'ನಾವು ಆ ಮನೆಯವರನ್ನು ಮಾತಾಡಿಸುವ ಹಾಗಿಲ್ಲ, ಆ ಮಗು ಚೆನ್ನಾಗಿರಲಿ ಅಂತ ನಾನೂ ದಿನಾ ಅಂದುಕೊಳ್ಳುತ್ತೇನೆ' ಅನ್ನಿ, ಅದು ನಿಜವಾಗಿದ್ದರೆ. ಆ ಪ್ರಶ್ನೆಯನ್ನು ಅವನು ಅಪ್ಪನಿಗೂ ಕೇಳಬಹುದು. ಕೇಳಲಿ, ತಡೆಯಬೇಡಿ. ಶುಕ್ರವಾರ ಮಧ್ಯಾಹ್ನ ನನಗೆ ಬಿಡುವಿದೆ. ಶಾಲೆಯ ಕೌನ್ಸೆಲರ್‌ಗೆ ಕೊಡುವ ಪತ್ರವನ್ನು ಇಬ್ಬರೂ ಕೂತು ಬರೆಯೋಣ, ಇನ್‌ಬಾಕ್ಸಿಗೆ ಬನ್ನಿ.