ಗೃಹಪ್ರವೇಶದ ಸಾಮಾನನ್ನು ಸಣ್ಣ ಕಾರಿನಲ್ಲಿ ಒಯ್ಯುವ ಬಗ್ಗೆ

ಬೆಣ್ಣೆನಗರಿ (ಪ್ರಶ್ನೆ):
ಚಳ್ಳಕೆರೆಯಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶವಿದೆ. ದಾವಣಗೆರೆಯಿಂದ ಚಿತ್ರದುರ್ಗದ ಮೂಲಕ ನಮ್ಮ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ನಾನು, ನನ್ನ ಹೆಂಡತಿ, ತಾಯಿ ಮತ್ತು ಶಾಲೆಗೆ ಹೋಗುವ ಮಗ ಹೊರಡಲಿದ್ದೇವೆ. 25 ಕಿಲೋದ ಎರಡು ಅಕ್ಕಿ ಚೀಲ, 15 ಕಿಲೋದ ಒಂದು ಎಣ್ಣೆ ಟಿನ್, ಎರಡು ಹಿತ್ತಾಳೆ ಕೊಳಗ, ಒಂದು ಮೂಟೆ ಮಂಡಕ್ಕಿ ಮತ್ತು ತುಂಬಿದ ಗ್ಯಾಸ್ ಸಿಲಿಂಡರ್ ಒಯ್ಯಬೇಕಾಗಿದೆ. ಭಾರವಾದುದೆಲ್ಲವನ್ನೂ ಕಾರಿನ ಮೇಲಿನ ಕ್ಯಾರಿಯರ್‌ಗೆ ನೈಲಾನ್ ಹಗ್ಗದಿಂದ ಬಿಗಿದರೆ ಒಳಗೆ ಆರಾಮವಾಗಿ ಕೂರಬಹುದು ಎಂದು ನಮ್ಮ ಮಾವನವರು ಹೇಳುತ್ತಿದ್ದಾರೆ. ಇದು ಸರಿಯೇ? ತಿಳಿದವರು ದಯವಿಟ್ಟು ತಿಳಿಸಿ.

ಕೋಟೆಯ ಕೆಳಗಿನವ:
ಭಾರವನ್ನು ಮೇಲೆ ಹಾಕಬೇಡಿ ಸರ್. ತೂಕ ಮೇಲೇರಿದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಹೆಚ್ಚುತ್ತದೆ. ಅಕ್ಕಿ ಚೀಲಗಳನ್ನು ಡಿಕ್ಕಿಯ ನೆಲದ ಮೇಲೆ ಅಡ್ಡಡ್ಡ ಮಲಗಿಸಿ, ಹಿಂಬದಿ ಸೀಟಿನ ಬೆನ್ನಿಗೆ ತಾಗುವಂತೆ ಮುಂದಕ್ಕೆ ದೂಡಿ. ನಡುವೆ ಜಾಗ ಬಿಟ್ಟರೆ, ಬ್ರೇಕ್ ಒತ್ತಿದಾಗ ಚೀಲ ಆ ಜಾಗದಲ್ಲಿ ಓಡಿಬಂದು ಸೀಟಿಗೆ ಗುದ್ದುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತಿತೆಂದರೆ, ಒಳಗಿರುವ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಅಂದರೆ ನಿಮ್ಮ ಒಂದು ಅಕ್ಕಿ ಚೀಲ ಐದು ಕ್ವಿಂಟಲ್‌ನಂತೆ ವರ್ತಿಸುತ್ತದೆ, ಮತ್ತು ಅದರ ಎದುರಿಗೆ ಕುಳಿತಿರುವವರು ನಿಮ್ಮ ತಾಯಿ ಮತ್ತು ಮಗ. ವೇಗ ಎರಡು ಪಟ್ಟಾದರೆ ಈ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಆದ್ದರಿಂದ ಹೊರಡುವ ಮೊದಲು ಹಿಂಬದಿ ಸೀಟಿನ ಬೆನ್ನನ್ನು ಹಿಡಿದು ಜೋರಾಗಿ ಅಲುಗಾಡಿಸಿ, ಎರಡೂ ಬದಿಯ ಚಿಲಕ ಪೂರ್ತಿ ಕೂತಿದೆಯೇ ಎಂದು ನೋಡಿ. ಹಲವು ಕಾರುಗಳಲ್ಲಿ ಚಿಲಕ ಅರ್ಧ ಕೂತಿದ್ದರೆ ಕೆಂಪು ಗುರುತು ಕಾಣಿಸುತ್ತದೆ. ಯಾವ ಸಾಮಾನೂ ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಹೋಗಬಾರದು. ಕೊಳಗಗಳನ್ನು ಒಂದರೊಳಗೊಂದು ಇಟ್ಟು ನಡುವೆ ಹಳೆಯ ಬೆಡ್‌ಶೀಟ್ ತುರುಕಿ. ಚೀಲಗಳನ್ನು ಹಾಕುವ ಮೊದಲೇ ಜಾಕ್ ಮತ್ತು ಪಾನಾವನ್ನು ಹೊರಗೆ ತೆಗೆದಿಟ್ಟುಕೊಳ್ಳಿ, ಇಲ್ಲವಾದರೆ ಭರಮಸಾಗರದ ಹತ್ತಿರ ಪಂಕ್ಚರ್ ಆದಾಗ ಅಕ್ಕಿಯನ್ನೆಲ್ಲ ರಸ್ತೆಗಿಳಿಸಬೇಕಾದೀತು.

ಒಂದು ಮಾತು: ಎಣ್ಣೆ ಗಿರಣಿಗಳಿಗೇ ಹೆಸರಾದ ಚಳ್ಳಕೆರೆಗೆ ಇಲ್ಲಿಂದ ಎಣ್ಣೆ ಏಕೆ? ಅಲ್ಲಿಯೇ ಕೊಂಡರೆ 15 ಕಿಲೋ ಕಡಿಮೆಯಾಗುತ್ತದೆ.

ಪಿ.ಜೆ. ಬಡಾವಣೆ:
ಸಿಲಿಂಡರ್ ಅನ್ನು ದಯವಿಟ್ಟು ಕೈಬಿಡಿ. 14.2 ಕಿಲೋ ಅನಿಲ ಮತ್ತು ಲೋಹದ ತೂಕ ಸೇರಿ ಅದು ಹೆಚ್ಚುಕಡಿಮೆ 30 ಕಿಲೋ ತೂಗುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು, ಆದರೆ ಹ್ಯಾಚ್‌ಬ್ಯಾಕಿನಲ್ಲಿ ಜನ ತುಂಬಿರುವಾಗ ಹಾಗೆ ನಿಲ್ಲಿಸಿ ಬಿಗಿಯುವ ಜಾಗವೇ ಇರುವುದಿಲ್ಲ. ಈ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ಕಾರಿನ ನೆಲದಲ್ಲೇ ಶೇಖರವಾಗುತ್ತದೆ. ಅಡುಗೆಯವರಿಗೇ ಹೇಳಿ ಚಳ್ಳಕೆರೆಯಲ್ಲಿ ವ್ಯವಸ್ಥೆ ಮಾಡಿಸಿಕೊಳ್ಳಿ.

ಬೆಣ್ಣೆನಗರಿ:
ಇಬ್ಬರಿಗೂ ಧನ್ಯವಾದಗಳು. ಸಿಲಿಂಡರ್ ಮತ್ತು ಎಣ್ಣೆಯನ್ನು ಬಿಟ್ಟೆವು. ಮಂಡಕ್ಕಿ ಮೂಟೆ ಹಗುರವಾದುದರಿಂದ ಅದನ್ನಾದರೂ ಮೇಲೆ ಹಾಕಬಹುದೇ? ಒಳಗಿಟ್ಟರೆ ಹಿಂದಿನ ಗಾಜು ಪೂರ್ತಿ ಮುಚ್ಚಿಹೋಗುತ್ತದೆ.

ಕೋಟೆಯ ಕೆಳಗಿನವ:
ತೂಕದ ದೃಷ್ಟಿಯಿಂದ ಅಡ್ಡಿಯಿಲ್ಲ, ಆದರೆ ಗಾಳಿಯ ದೃಷ್ಟಿಯಿಂದ ಅದೇ ಕಷ್ಟದ ಸಾಮಾನು. ನಮ್ಮ ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಂತೂ ಹೆದ್ದಾರಿಯಲ್ಲಿ ಲಾರಿಯನ್ನು ದಾಟಿದ ಕೂಡಲೇ ಅಡ್ಡಗಾಳಿ ಕಾರನ್ನು ಪಕ್ಕಕ್ಕೆ ತಳ್ಳುತ್ತದೆ. ನೈಲಾನ್ ಹಗ್ಗ ಎಳೆತಕ್ಕೆ ಹಿಗ್ಗಿ, ಗಂಟು ಜಾರಿ, ಮೂಟೆ ಹಿಂದೆ ಬರುವ ಬೈಕಿನವರ ಮೇಲೆ ಬೀಳಬಹುದು. ಅದರ ಬದಲು ಮಂಡಕ್ಕಿಯನ್ನು ನಾಲ್ಕೈದು ಸಣ್ಣ ಚೀಲಗಳಿಗೆ ಹಂಚಿ, ಡಿಕ್ಕಿಯಲ್ಲಿ ಅಕ್ಕಿ ಮತ್ತು ಕೊಳಗಗಳ ಸುತ್ತ ಉಳಿದಿರುವ ಸಂದುಗಳಿಗೆ ತುಂಬಿ. ಸಾಮಾನು ಅಲುಗಾಡುವುದೂ ನಿಲ್ಲುತ್ತದೆ, ಗಾಜೂ ತೆರೆದಿರುತ್ತದೆ. ಸ್ವಲ್ಪ ಪುಡಿಯಾದರೆ ಒಗ್ಗರಣೆಗೆ ನಡೆಯುತ್ತದೆ.

ಇನ್ನೆರಡು ಕೆಲಸ ಉಳಿಯುತ್ತವೆ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುವ ಚೀಟಿಯಲ್ಲಿ ತುಂಬಿದ ಗಾಡಿಗೆ ಎಷ್ಟು ಗಾಳಿ ಬೇಕೆಂದು ಬರೆದಿರುತ್ತದೆ, ಟೈರುಗಳು ತಣ್ಣಗಿರುವಾಗಲೇ ಅಷ್ಟು ತುಂಬಿಸಿ. ಹಿಂಭಾರಕ್ಕೆ ಕಾರಿನ ಮೂತಿ ಮೇಲೆದ್ದು ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುವುದರಿಂದ, ರಾತ್ರಿ ಹೊರಡುವುದಾದರೆ ಸ್ಟೀರಿಂಗ್ ಪಕ್ಕದ ಹೆಡ್‌ಲೈಟ್ ತಿರುಗಣೆ ನಿಮ್ಮ ಕಾರಿನಲ್ಲಿದ್ದರೆ ಅದನ್ನು ತಿರುಗಿಸಿ ಬೆಳಕನ್ನು ಒಂದೆರಡು ಹಂತ ಕೆಳಗಿಳಿಸಿಕೊಳ್ಳಿ.