ಡಾಂಬರು ರಸ್ತೆಗೂ ಕಲ್ಲು ದಾರಿಗೂ ಒಂದೇ ಟೈರ್: ಎಟಿ ಹಾಕಿಸಲಾ, ಸೈಜ್ ಯಾವುದಿರಲಿ?

ಮಣ್ಣುದಾರಿ:

ನಮಸ್ಕಾರ ಎಲ್ಲರಿಗೂ. ನನ್ನದು ಫೋರ್ ವೀಲ್ ಡ್ರೈವ್ ಇರುವ ಡೀಸೆಲ್ ಎಸ್‌ಯುವಿ. ಗಾಡಿ ಜೊತೆ ಬಂದ ಹೈವೇ ಟೈರ್‌ಗಳು 52,000 ಕಿಲೋಮೀಟರ್ ಓಡಿವೆ. ಹಿಂದಿನ ಎರಡರಲ್ಲಿ ಸವೆತ ತೋರಿಸುವ ದಿಬ್ಬ ಹೆಚ್ಚುಕಡಿಮೆ ನೆಲಕ್ಕೆ ತಾಗುವ ಟ್ರೆಡ್ ಮಟ್ಟಕ್ಕೇ ಬಂದಿದೆ, ಅಂದರೆ 1.6 ಮಿಲಿಮೀಟರ್ ಹತ್ತಿರ. ಬದಲಾಯಿಸಲೇಬೇಕು. ಸೈಜ್ 265/65 ಆರ್17, ಅದರ ಮುಂದೆ 112ಎಸ್ ಅಂತ ಇದೆ.

ವಾರವಿಡೀ ಡಾಂಬರು ರಸ್ತೆ, ಅದರಲ್ಲೂ ಹೈವೇ ಜಾಸ್ತಿ. ತಿಂಗಳಿಗೆ ಎರಡು ಮೂರು ಸಲ ಗುಡ್ಡದ ಕಡೆ ಹೋಗುತ್ತೇವೆ. ಅಲ್ಲಿ ಜಲ್ಲಿ, ಚೂಪು ಕಲ್ಲು, ಮಳೆ ಬಂದರೆ ಕೆಸರು. ಹೋದ ತಿಂಗಳು ಒಂದು ಇಳಿಜಾರಿನಲ್ಲಿ ನಿಧಾನಕ್ಕೆ ಇಳಿಯುವಾಗ ಮಣ್ಣಿನಿಂದ ಮೇಲೆದ್ದಿದ್ದ ಕಲ್ಲೊಂದು ಹಿಂದಿನ ಟೈರಿನ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆ, ಸೀಳಿಬಿಟ್ಟಿತು. ಬೆರಳುದ್ದದ ಸೀಳು, ಒಳಗಿನ ನೂಲು ಹೊರಗೆ ಕಾಣುತ್ತಿತ್ತು. ಕತ್ತಲಾಗುತ್ತಿತ್ತು, ಮಳೆ ಬೇರೆ, ಜಾಕ್ ಇಟ್ಟಲ್ಲೆಲ್ಲ ಕೆಸರಲ್ಲಿ ಹೂತುಕೊಳ್ಳುತ್ತಿತ್ತು, ಕೊನೆಗೆ ಒಂದು ಚಪ್ಪಟೆ ಕಲ್ಲು ಹುಡುಕಿ ತಂದು ಅದರ ಮೇಲೆ ಜಾಕ್ ನಿಲ್ಲಿಸಿ ಸ್ಟೆಪ್ನಿ ಹಾಕುವಷ್ಟರಲ್ಲಿ ಒಂದೂವರೆ ಗಂಟೆ ಆಯಿತು. ಮಕ್ಕಳು ನೆನೆಯುತ್ತಾ ಮರದ ಕೆಳಗೆ ನಿಂತಿದ್ದರು. ಇನ್ನೊಮ್ಮೆ ಹೀಗಾಗಬಾರದು ಅಂತ ಅವತ್ತೇ ಅಂದುಕೊಂಡೆ.

ರಸ್ತೆಗೂ ಕಚ್ಚಾ ದಾರಿಗೂ ಆಗುವ ಎಟಿ (ಆಲ್ ಟೆರೇನ್) ಸಾಕಾ, ಇಲ್ಲ ಕೆಸರಿಗೆಂದೇ ಮಾಡಿದ ಎಂಟಿಗೇ (ಮಡ್ ಟೆರೇನ್) ಹೋಗಲಾ? 265/70 ಹಾಕಿಸಿದರೆ ಗಾಡಿ ಸ್ವಲ್ಪ ಎತ್ತರ ಆಗುತ್ತದೆ ಅನ್ನುತ್ತಾರೆ, ಮಾಡಬಹುದಾ? ಸದ್ದು ಮತ್ತು ಮೈಲೇಜ್ ಬಗ್ಗೆಯೂ ಹೇಳಿ. ಮನೆಯವರು ಹಿಂದೆ ಕೂತು ನಿದ್ದೆ ಮಾಡುವವರು, ಅದೂ ನೋಡಬೇಕು.

ಹಳೇಗಾಡಿ:

ನಿಮ್ಮ ಓಡಾಟಕ್ಕೆ ಎಂಟಿ ಬೇಡವೇ ಬೇಡ. ಎರಡು ವರ್ಷ ಎಂಟಿ ಓಡಿಸಿದವನು ಹೇಳುತ್ತಿದ್ದೇನೆ. ಕೆಸರಲ್ಲಿ ಅದಕ್ಕೆ ಸಾಟಿ ಇಲ್ಲ. ಟ್ರೆಡ್ಡಿನ ರಬ್ಬರ್ ಬ್ಲಾಕ್‌ಗಳ ನಡುವೆ ಅಗಲ ಜಾಗ ಇರುತ್ತದೆ, ಚಕ್ರ ತಿರುಗಿದ ಹಾಗೆ ಮಣ್ಣನ್ನು ಎಸೆದುಕೊಂಡು ಹೋಗುತ್ತದೆ. ಆದರೆ ಅದೇ ಕಾರಣಕ್ಕೆ ಡಾಂಬರಿನ ಮೇಲೆ ನೆಲಕ್ಕೆ ತಾಗುವ ರಬ್ಬರ್ ಕಡಿಮೆ. ಒಂದು ಸಲ ಮಳೆಯಲ್ಲಿ ಹೈವೇ ಮೇಲೆ ಮುಂದಿನ ಲಾರಿ ದಿಢೀರ್ ನಿಂತಿತು. ಬ್ರೇಕ್ ಒತ್ತಿ ಹಿಡಿದೆ, ಎಬಿಎಸ್ ಕಟಕಟ ಅಂತ ಪಾದಕ್ಕೆ ಒದೆಯುತ್ತಿದೆ, ಗಾಡಿ ಮಾತ್ರ ಜಾರುತ್ತಲೇ ಇದೆ. ಲಾರಿಗೂ ನನ್ನ ಬಂಪರಿಗೂ ನಡುವೆ ಒಂದು ಮಾರು ಜಾಗ ಉಳಿಯಿತು. ಆ ವಾರವೇ ನಾಲ್ಕೂ ತೆಗೆಸಿದೆ.

ಎಟಿ ಅಂದ ಮೇಲೂ ಎಲ್ಲ ಒಂದೇ ಅಲ್ಲ. ಯೊಕೊಹಾಮಾ ಜಿಯೋಲ್ಯಾಂಡರ್ ಜಿ015 ರಸ್ತೆ ಕಡೆಗೆ ವಾಲಿದ ಟೈರ್, ಬಿಎಫ್‌ಗುಡ್ರಿಚ್ ಕೆಒ2 ಕಲ್ಲು ದಾರಿ ಕಡೆಗೆ ವಾಲಿದ್ದು. ಅಂಗಡಿಯಲ್ಲಿ ಬರೀ ಹೆಸರು ಕೇಳಬೇಡಿ, ಟೈರ್ ಕೆಳಗಿಳಿಸಿ ಕೈಯಲ್ಲಿ ಮುಟ್ಟಿ ನೋಡಿ. ಬ್ಲಾಕ್ ಮೇಲೆ ಬ್ಲೇಡಲ್ಲಿ ಗೀರಿದ ಹಾಗೆ ಸಣ್ಣ ಸೀಳುಗಳಿರುತ್ತವೆ, ಸೈಪ್ ಅನ್ನುತ್ತಾರೆ. ಒದ್ದೆ ರಸ್ತೆಯಲ್ಲಿ ಗ್ರಿಪ್ ಕೊಡುವುದು ಅವೇ. ಅವು ಜಾಸ್ತಿ ಇರುವ ಎಟಿ ನಿಮಗೆ ಸರಿ. ಹಾಗಂತ ಹೈವೇ ಟೈರಿನಷ್ಟು ಬೇಗ ಮಳೆಯಲ್ಲಿ ನಿಲ್ಲುತ್ತದೆ ಅಂದುಕೊಳ್ಳಬೇಡಿ, ಮುಂದಿನ ಗಾಡಿಯಿಂದ ಸ್ವಲ್ಪ ಜಾಸ್ತಿ ದೂರ ಇಟ್ಟುಕೊಂಡೇ ಓಡಿಸಿ.

ಇನ್ನೊಂದು, ಜಿಗುಟು ಮಣ್ಣಿನಲ್ಲಿ ಎಟಿಯೂ ಸೋಲುತ್ತದೆ. ಎರಡು ಸುತ್ತು ತಿರುಗುವಷ್ಟರಲ್ಲಿ ಗೆರೆಯೆಲ್ಲ ಮುಚ್ಚಿ ಟೈರ್ ಬೋಳಾಗುತ್ತದೆ. ಅಂಥ ದಾರಿ ಸಿಕ್ಕರೆ ವಾಪಸ್ ಬನ್ನಿ.

ಸ್ಪ್ಯಾನರ್17:

ಸೈಜ್ ಬಗ್ಗೆ ನಾನು ಹೇಳುತ್ತೇನೆ. 265 ಅಂದರೆ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದರೆ ಆ ಅಗಲದ ಶೇಕಡಾ 65ರಷ್ಟು ಸೈಡ್‌ವಾಲ್ ಎತ್ತರ, ಸುಮಾರು 172 ಮಿಲಿಮೀಟರ್. 17 ರಿಮ್ ಇಂಚು. ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರ 776 ಮಿಲಿಮೀಟರ್ ಬರುತ್ತದೆ, 265/70ರದ್ದು 803. ಗಾಡಿ ಮೇಲೇಳುವುದು ಈ ವ್ಯತ್ಯಾಸದ ಅರ್ಧ ಮಾತ್ರ, ಯಾಕೆಂದರೆ ಆಕ್ಸಲ್ ಇರುವುದು ನಡುವಲ್ಲಿ ಅಲ್ವಾ. ಅಂದರೆ 13 ಮಿಲಿಮೀಟರ್, ನಿಮ್ಮ ಹೆಬ್ಬೆರಳಿನ ಅಗಲವೂ ಇಲ್ಲ. ಅದಕ್ಕಾಗಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಹೋಗಿ ಮಡ್‌ಗಾರ್ಡ್ ಒಳಗಿನ ಲೈನರ್‌ಗೆ ಉಜ್ಜಬಹುದು, ಪಿಕಪ್ ಮಂದ ಆಗುತ್ತದೆ, ಸ್ಪೀಡೋಮೀಟರ್ ಮೊದಲಿನಷ್ಟೇ ತೋರಿಸಿದರೂ ಗಾಡಿ ಸುಮಾರು ಶೇಕಡಾ 3.4 ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ.

ಮೈಲೇಜ್ ವಿಷಯದಲ್ಲಿ ತುಂಬ ಜನ ಎಡವುವುದು ಇಲ್ಲೇ. ಟೈರ್ ದೊಡ್ಡದಾದಾಗ ಓಡೋಮೀಟರ್ ಕೂಡ ಅಷ್ಟೇ ಕಡಿಮೆ ತೋರಿಸುತ್ತದೆ. ಓಡಿದ್ದು 1034 ಕಿಲೋಮೀಟರ್, ಮೀಟರ್ ತೋರಿಸುವುದು 1000. ಮೈಲೇಜ್ ಬಿತ್ತು ಅನ್ನುತ್ತಾರೆ, ಅದರಲ್ಲಿ ಒಂದಿಷ್ಟು ಬರೀ ಲೆಕ್ಕದ ತಪ್ಪು. ಉಳಿದದ್ದು ನಿಜ, ಎಟಿ ಭಾರ ಜಾಸ್ತಿ, ಉರುಳುವುದೂ ಬಿಗಿ. ನೀವು ಇದೇ ಸೈಜಿನಲ್ಲೇ ಇರಿ.

ಅದಕ್ಕಿಂತ ಮುಖ್ಯವಾದದ್ದು ಆ 112. ಅದು ಲೋಡ್ ಇಂಡೆಕ್ಸ್, ಒಂದು ಟೈರ್ ಹೊರುವುದು 1120 ಕಿಲೋ ಅಂತ ಅರ್ಥ. ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್ ತನಕ. ಹೊಸ ಟೈರ್‌ನಲ್ಲಿ 112ಕ್ಕಿಂತ ಕಡಿಮೆ ಇದ್ದರೆ ಎಷ್ಟೇ ಚೆನ್ನಾಗಿ ಕಂಡರೂ ತಗೋಬೇಡಿ. ಸೈಜಿಗಿಂತ ಮೊದಲು ಎಲ್‌ಟಿ ಅಂತ ಇದ್ದರೆ ಅದು ಲೈಟ್ ಟ್ರಕ್ ಟೈರ್. ಸೈಡ್‌ವಾಲ್ ಗಟ್ಟಿ, ಕಲ್ಲಿಗೆ ಬೇಗ ಬಗ್ಗುವುದಿಲ್ಲ. ಆದರೆ ಎಲ್‌ಟಿ 265/70 ಆರ್17 ಮೇಲೆ 121 ಅಂತ ಇದ್ದು 1450 ಕಿಲೋ ಹೊರುತ್ತದೆ ಅಂದರೆ ಅದು 80 ಪಿಎಸ್‌ಐ ಗಾಳಿಯ ಮಾತು. ನೀವು 33ರಲ್ಲಿ ಓಡಿಸಿದರೆ ಅಷ್ಟು ಹೊರುವುದಿಲ್ಲ. ಹಾಗಾಗಿ ಎಲ್‌ಟಿಗೆ ಗಾಳಿ ಜಾಸ್ತಿ ಬೇಕು, ಜಾಸ್ತಿ ಹಾಕಿದರೆ ಹಿಂದೆ ಮಲಗಿದವರು ಎದ್ದು ಕೂರುತ್ತಾರೆ. ನಿಮ್ಮಂಥ ಮನೆ ಗಾಡಿಗೆ ಮಾಮೂಲಿ ಎಟಿ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಹಳೇಗಾಡಿ:

ಇದನ್ನು ನಾನು ಒಪ್ಪುವುದಿಲ್ಲ. ಸೈಡ್‌ವಾಲ್ ಒಮ್ಮೆ ಸೀಳಿತೆಂದರೆ ಪಂಕ್ಚರ್ ಹಾಕಲು ಬರುವುದಿಲ್ಲ, ಟೈರೇ ಹೋಯಿತು. ಚೂಪು ಕಲ್ಲು ಇರುವ ಕಡೆಯೇ ಹೋಗುವುದಾದರೆ ಎಲ್‌ಟಿ ಹಾಕಿಸಿ ಸವಾರಿ ಸ್ವಲ್ಪ ಒರಟಾದರೂ ಸಹಿಸಿಕೊಳ್ಳುವುದು ಲೇಸು.

ಗಾಳಿಮೀಟರ್:

ಟೈರ್ ಬಗ್ಗೆ ಇಷ್ಟು ಮಾತಾಯಿತು, ಗಾಳಿ ಬಗ್ಗೆ ಯಾರೂ ಸರಿಯಾಗಿ ಕೇಳಲೇ ಇಲ್ಲ. ಮಣ್ಣುದಾರಿಯವರೇ, ಅವತ್ತು ಆ ಇಳಿಜಾರಿನಲ್ಲಿ ಎಷ್ಟು ಗಾಳಿ ಇತ್ತು?

ನನ್ನ ಗಾಡಿಯಲ್ಲಿ ಇವತ್ತಿಗೂ ಹೈವೇ ಟೈರೇ ಇರುವುದು. ಒಂದು ಜಲ್ಲಿ ಏರು, ಉದ್ದ ಏನಿಲ್ಲ, ಆದರೆ ಕಾಲಿಟ್ಟರೆ ಕಲ್ಲು ಉರುಳುವಂಥದ್ದು. 34 ಪಿಎಸ್‌ಐನಲ್ಲಿ ಮೂರು ಸಲ ನೋಡಿದೆ, ಮೂರು ಸಲವೂ ಅರ್ಧಕ್ಕೆ ಚಕ್ರ ಗಿರ್ರನೆ ತಿರುಗಿ ಗುಂಡಿ ತೋಡಿತು. ಕೆಳಗೆ ಬಂದು ನಾಲ್ಕಕ್ಕೂ 20ಕ್ಕೆ ಇಳಿಸಿದೆ. ಟೈರ್ ನೆಲಕ್ಕೆ ತಾಗುವ ಭಾಗ ಉದ್ದಕ್ಕೆ ಚಾಚಿಕೊಂಡಿದ್ದು ಕಣ್ಣಿಗೇ ಕಾಣುತ್ತಿತ್ತು. ಅದೇ ಟೈರ್, ಅದೇ ಏರು, ಎರಡನೇ ಗೇರಲ್ಲಿ ಸದ್ದಿಲ್ಲದೆ ಹತ್ತಿತು.

ಗಾಳಿ ಕಡಿಮೆ ಇದ್ದರೆ ಟ್ರೆಡ್ ಕಲ್ಲಿನ ಮೇಲೆ ಬಗ್ಗಿ ಅದನ್ನು ತಬ್ಬಿಕೊಳ್ಳುತ್ತದೆ, ಬಿಗಿ ಗಾಳಿಯಲ್ಲಿ ಚೂಪು ನೇರ ಚುಚ್ಚುತ್ತದೆ. ಆದರೆ ಗಾಳಿ ಇಳಿಸಿದಾಗ ಸೈಡ್‌ವಾಲ್ ಹೊರಗೆ ಉಬ್ಬುತ್ತದೆ, ಇದು ನಿಮಗೆ ಗೊತ್ತಿರಬೇಕು. ಆದ್ದರಿಂದ ಕಲ್ಲು ಚಕ್ರದ ಪಕ್ಕಕ್ಕೆ ಉಜ್ಜುವ ಹಾಗೆ ಹೋಗಬೇಡಿ, ಸಣ್ಣ ಕಲ್ಲಾದರೆ ಅದರ ಮೇಲೆಯೇ ಹತ್ತಿಸಿ ಇಳಿಸಿ, ದೊಡ್ಡದಾದರೆ ದೂರ ಬಿಟ್ಟು ಹೋಗಿ. ಜಲ್ಲಿಗೆ 26, ಮರಳಿಗೆ 18, ಇದು ನಾನು ಇಟ್ಟುಕೊಂಡಿರುವ ಲೆಕ್ಕ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಬರುವ ಭಯ ಇದೆ. ಇಳಿಸಿದ ಮೇಲೆ ನಿಧಾನಕ್ಕೆ ಓಡಿಸಿ, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಿ. ಕಡಿಮೆ ಗಾಳಿಯಲ್ಲಿ ಹೈವೇಯಲ್ಲಿ ಓಡಿಸಿದರೆ ಸೈಡ್‌ವಾಲ್ ಬಗ್ಗಿ ಬಗ್ಗಿ ಕಾದು ಒಡೆದು ಹೋಗುತ್ತದೆ. 12 ವೋಲ್ಟ್ ಕಂಪ್ರೆಸರ್ ಒಂದು, ಒಳ್ಳೆ ಗೇಜ್ ಒಂದು, ಟೈರ್‌ಗಿಂತ ಮೊದಲು ಇವನ್ನು ತಗೊಳ್ಳಿ.

ಮಣ್ಣುದಾರಿ:

ಅವತ್ತು 35 ಇತ್ತು. ಹಿಂದಿನ ದಿನವೇ ಬಂಕಿನಲ್ಲಿ ತುಂಬಿಸಿದ್ದೆ. ಗುಡ್ಡಕ್ಕೆ ಹೋಗುತ್ತೇವಲ್ಲ, ಜಾಸ್ತಿ ಇದ್ದರೆ ಒಳ್ಳೆಯದು ಅಂತ. ನೀವು ಹೇಳಿದ ಮೇಲೆ ಹೊಟ್ಟೆ ಉರಿಯುತ್ತಿದೆ. ಸೀಳಿದ್ದು ಕೂಡ ಕಲ್ಲಿನ ಪಕ್ಕ ಉಜ್ಜಿಕೊಂಡು ಇಳಿದಾಗಲೇ.

ಮುಂದಿನ ಎರಡು ಇನ್ನೂ ಸ್ವಲ್ಪ ಚೆನ್ನಾಗಿವೆ. ಈಗ ಹಿಂದೆ ಮಾತ್ರ ಎಟಿ ಹಾಕಿಸಿ, ಆರು ತಿಂಗಳು ಬಿಟ್ಟು ಮುಂದಿನದು ಮಾಡಬಹುದಾ?

ಸ್ಪ್ಯಾನರ್17:

ದಯವಿಟ್ಟು ಬೇಡ. ಸವೆದ ಟೈರ್ ಎತ್ತರ ಕಡಿಮೆ, ಹೊಸದು ಜಾಸ್ತಿ. ಫೋರ್ ವೀಲ್ ಹಾಕಿದಾಗ ಮುಂದೆ ಹಿಂದೆ ಒಂದೇ ವೇಗದಲ್ಲಿ ತಿರುಗಬೇಕು, ಟೈರ್ ಬೇರೆ ಬೇರೆ ಆದರೆ ಆ ಎಳೆದಾಟ ಎಲ್ಲ ಎಂಜಿನ್ ಶಕ್ತಿಯನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಬೀಳುತ್ತದೆ. ಯಾವಾಗಲೂ ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಇನ್ನೂ ಕಷ್ಟ. ಜೊತೆಗೆ ಮಳೆಯಲ್ಲಿ ಮುಂದೆ ಒಂದು ಥರ ಗ್ರಿಪ್, ಹಿಂದೆ ಇನ್ನೊಂದು ಥರ. ನಾಲ್ಕೂ ಒಟ್ಟಿಗೆ, ಸಾಧ್ಯವಾದರೆ ಸ್ಟೆಪ್ನಿ ಸೇರಿಸಿ ಐದು.

ಹಾಕಿಸುವ ಮೊದಲು ಸೈಡ್‌ವಾಲ್ ಮೇಲೆ ಅಚ್ಚಾಗಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂತ ಇದ್ದರೆ 2024ರ 23ನೇ ವಾರದಲ್ಲಿ ಮಾಡಿದ್ದು. ಹಳೇ ಸ್ಟಾಕ್ ಕೊಟ್ಟರೆ ವಾಪಸ್ ಮಾಡಿ. ಹಿಮ ಬೀಳುವ ಕಡೆ ಹೋಗುವವರು ಮೂರು ಶಿಖರದ ಬೆಟ್ಟದೊಳಗೆ ಮಂಜಿನ ಹರಳು ಇರುವ ಗುರುತನ್ನೂ ನೋಡಬೇಕು, ಬರೀ ಎಂ+ಎಸ್ (ಕೆಸರು ಮತ್ತು ಹಿಮ) ಗುರುತು ಸಾಲದು. ನಿಮಗೆ ಬೇಕಿಲ್ಲ ಅನಿಸುತ್ತದೆ.

ಹಳೇಗಾಡಿ:

ಸದ್ದಿನ ಬಗ್ಗೆ ಕೇಳಿದ್ದಿರಿ. ಹೊಸದಾಗಿರುವಾಗ ಎಟಿ ಅಷ್ಟೇನೂ ಕೂಗುವುದಿಲ್ಲ, ಸವೆಯುತ್ತಾ ಹೋದ ಹಾಗೆ ಗುಂಯ್ ಅನ್ನಲು ಶುರು ಮಾಡುತ್ತದೆ. ಬ್ಲಾಕ್‌ಗಳ ಮೇಲೆ ಅಂಗೈ ಆಡಿಸಿ ನೋಡಿ. ಒಂದು ಕಡೆಗೆ ಸವರಿದರೆ ನುಣುಪು, ಇನ್ನೊಂದು ಕಡೆಗೆ ಸವರಿದರೆ ಗರಗಸದ ಹಲ್ಲಿನ ಹಾಗೆ ತಡೆಯುತ್ತದೆ. ಹಾಗಾಗಿದ್ದರೆ ಬ್ಲಾಕಿನ ಒಂದೇ ಅಂಚು ಸವೆದಿದೆ ಅಂತ. ಪ್ರತಿ 8,000 ಕಿಲೋಮೀಟರಿಗೆ ಚಕ್ರ ಅದಲುಬದಲು ಮಾಡಿಸಿ, ಸ್ಟೆಪ್ನಿಯನ್ನೂ ಆ ಸುತ್ತಿಗೆ ಸೇರಿಸಿ. ನನ್ನ ಈಗಿನ ಸೆಟ್ 40,000 ದಾಟಿದೆ, ಗಾಡಿಯೊಳಗೆ ಇನ್ನೂ ಮೆಲ್ಲಗೆ ಮಾತಾಡಬಹುದು.

ಮಣ್ಣುದಾರಿ:

ತುಂಬ ಥ್ಯಾಂಕ್ಸ್. ಇದೇ ಸೈಜ್, ರಸ್ತೆ ಕಡೆ ವಾಲಿದ ಮಾಮೂಲಿ ಎಟಿ, ಐದೂ ಒಟ್ಟಿಗೆ. ಎಲ್‌ಟಿ ಸದ್ಯಕ್ಕೆ ಬೇಡ, ಮೊದಲು ಗಾಳಿ ಇಳಿಸಿ ಓಡಿಸುವುದು ಕಲಿಯುತ್ತೇನೆ. ಆಮೇಲೂ ಸೈಡ್‌ವಾಲ್ ಸೀಳಿದರೆ ಹಳೇಗಾಡಿಯವರ ಮಾತು ಕೇಳುತ್ತೇನೆ. ಗೇಜ್ ಮತ್ತು ಕಂಪ್ರೆಸರ್ ಇವತ್ತೇ ತಂದೆ. ಮುಂದಿನ ವಾರ ಅದೇ ಇಳಿಜಾರಿಗೆ 26ರಲ್ಲಿ ಹೋಗುತ್ತಿದ್ದೇನೆ, ಈ ಸಲ ಹಗಲಲ್ಲೇ.